ಶಾರ್ಕ್‌ಗಳು ಏನು ತಿನ್ನುತ್ತವೆ, ಹೇಗೆ ತಿನ್ನುತ್ತವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಶಾಲೆ-ಕಾಲೇಜುಗಳಲ್ಲಿ ಸಮುದ್ರಜೀವಿಗಳ ಕುರಿತು ಮಾತನಾಡಿದಾಗ ವಿದ್ಯಾರ್ಥಿಗಳೂ ಶಿಕ್ಷಕರೂ ಕೇಳಿದ, ಆಮೇಲೆ ಪತ್ರಗಳಲ್ಲಿಯೂ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲಿಯೇ ಇಟ್ಟಿದ್ದೇನೆ. ಶಾರ್ಕ್ ಎಂದೊಡನೆ ಬಾಯಿ ತೆರೆದ ಒಂದೇ ಒಂದು ಪ್ರಾಣಿ ಕಣ್ಣ ಮುಂದೆ ಬರುವುದರಿಂದಲೇ ಹೆಚ್ಚಿನ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಯಾವ ಶಾರ್ಕ್, ಯಾವ ವಯಸ್ಸಿನದು, ಯಾವ ನೀರಿನದು ಎಂದು ಕೇಳದೆ ಅದರ ಆಹಾರದ ಬಗ್ಗೆ ಏನನ್ನೂ ಹೇಳಲು ಬಾರದು ಎಂಬುದು ಈ ಎಲ್ಲ ಉತ್ತರಗಳ ಹಿಂದಿರುವ ನನ್ನ ನಿಲುವು.

## ಮೊದಲು ಬರುವ ಪ್ರಶ್ನೆಗಳು

ಶಾರ್ಕ್ ಅಂದ್ರ ಏನೇನ್ ತಿಂತದ್ರಿ? ಎಲ್ಲಾ ಶಾರ್ಕೂ ಒಂದೇ ತರ ತಿಂತಾವೇನು?

ಇಲ್ಲ. ಇದುವರೆಗೆ ಗುರುತಿಸಲಾದ ಶಾರ್ಕ್ ಪ್ರಭೇದಗಳು 500ಕ್ಕೂ ಹೆಚ್ಚು. ಸುಮಾರು 20 ಸೆಂಟಿಮೀಟರ್‌ಗೆ ಬೆಳವಣಿಗೆ ನಿಲ್ಲುವ ಕುಬ್ಜ ಲಾಂದ್ರ ಶಾರ್ಕ್‌ನಿಂದ ಹಿಡಿದು 18 ಮೀಟರ್‌ವರೆಗೂ ಬೆಳೆಯಬಲ್ಲ ತಿಮಿಂಗಿಲ ಶಾರ್ಕ್‌ವರೆಗೆ ಇವುಗಳ ಗಾತ್ರವೇ ಇಷ್ಟು ಬೇರೆಯಾಗಿರುವಾಗ ಆಹಾರ ಒಂದೇ ಆಗಿರುವುದು ಸಾಧ್ಯವಿಲ್ಲ. ಬಹುಪಾಲು ಶಾರ್ಕ್‌ಗಳು ಮೀನು, ಬೊಂಡಾಸ್ (ಸ್ಕ್ವಿಡ್), ಏಡಿ, ಸೀಗಡಿ ತಿಂದು ಬದುಕುವ ಸಾಧಾರಣ ಗಾತ್ರದ ಪ್ರಾಣಿಗಳು. ಸೀಲ್, ಡಾಲ್ಫಿನ್, ಕಡಲಾಮೆಗಳಂಥ ದೊಡ್ಡ ಬೇಟೆಗೆ ಕೈಹಾಕುವವು ಬೆರಳೆಣಿಕೆಯ ಪ್ರಭೇದಗಳು ಮಾತ್ರ.

ನಮ್ಮ ಪಶ್ಚಿಮ ಕರಾವಳಿಯ ಬಲೆಗಳಲ್ಲಿ ಸಾಮಾನ್ಯವಾಗಿ ಸಿಗುವ ಸ್ಕೋಲಿಯೋಡಾನ್ ಎಂಬ ಪುಟ್ಟ ಶಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಮೀಟರ್ ಉದ್ದಕ್ಕೂ ಬೆಳೆಯದ ಈ ಶಾರ್ಕ್ ತೀರದ ಕೆಸರು ನೀರಿನಲ್ಲಿ ಸೀಗಡಿ ಮತ್ತು ಸಣ್ಣ ಮೀನುಗಳನ್ನು ಹುಡುಕಿಕೊಂಡು ತಿರುಗುತ್ತದೆ.

ಆಹಾರ ಸರಪಳಿಯಲ್ಲಿ ಇವುಗಳ ಸ್ಥಾನವನ್ನು ಅಂಕಿಯಲ್ಲಿ ಹೇಳುವುದುಂಟು. ಪಾಚಿ ಮತ್ತು ಸಸ್ಯಗಳಿಗೆ 1, ಅವನ್ನು ತಿನ್ನುವ ಜೀವಿಗಳಿಗೆ 2, ಹೀಗೆ ಮೇಲೇರುತ್ತ ಹೋಗುವ ಲೆಕ್ಕವಿದು. 1999ರಲ್ಲಿ ಎನ್ರಿಕ್ ಕೊರ್ಟೆಸ್ ಎಂಬ ವಿಜ್ಞಾನಿ 149 ಶಾರ್ಕ್ ಪ್ರಭೇದಗಳ ಆಹಾರದ ಮಾಹಿತಿಯನ್ನು ಒಟ್ಟುಮಾಡಿ ನೋಡಿದಾಗ ಅವುಗಳ ಸರಾಸರಿ ಸ್ಥಾನ ನಾಲ್ಕರ ಆಸುಪಾಸಿನಲ್ಲಿತ್ತು. ಅಂದರೆ ಗುಂಪಾಗಿ ನೋಡಿದರೆ ಶಾರ್ಕ್‌ಗಳು ಮೇಲಿನ ಹಂತದ ಬೇಟೆಗಾರರು ಹೌದು. ಆದರೆ ಪ್ರತಿಯೊಂದು ಶಾರ್ಕ್ ಕೂಡ ಸರಪಳಿಯ ತುತ್ತತುದಿಯಲ್ಲಿ ಕೂತಿಲ್ಲ. ಅನೇಕ ಶಾರ್ಕ್‌ಗಳು ತಾವೇ ಬೇರೆ ಶಾರ್ಕ್‌ಗಳ ಆಹಾರ.

ಮನುಷ್ಯಾರನ್ನ ಹುಡಿಕ್ಕೊಂಡ್ ಬಂದು ತಿಂತದ ಅಂತಾರಲ್ರಿ, ಖರೇನಾ?

ಖರೆಯಲ್ಲ. ಮನುಷ್ಯರು ಕೆಣಕದೆಯೇ ನಡೆದ ಶಾರ್ಕ್ ಕಡಿತಗಳು ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸರಾಸರಿ 60ರಿಂದ 70ರಷ್ಟು ದಾಖಲಾಗುತ್ತವೆ, ಸಾವುಗಳ ಸಂಖ್ಯೆ ಸಾಮಾನ್ಯವಾಗಿ ಹತ್ತನ್ನು ಮುಟ್ಟುವುದಿಲ್ಲ. ಮಾರಣಾಂತಿಕ ಕಡಿತಗಳಲ್ಲಿ ಹೆಚ್ಚಿನವು ದೊಡ್ಡ ಬಿಳಿ ಶಾರ್ಕ್, ಹುಲಿ ಶಾರ್ಕ್ ಮತ್ತು ಬುಲ್ ಶಾರ್ಕ್ ಎಂಬ ಮೂರು ಪ್ರಭೇದಗಳಿಂದ ಆದವು. ಹಲವು ಪ್ರಸಂಗಗಳಲ್ಲಿ ಶಾರ್ಕ್ ಒಮ್ಮೆ ಕಚ್ಚಿ ಬಿಟ್ಟು ಹೋಗುತ್ತದೆ. ಮನುಷ್ಯ ಯಾವ ಶಾರ್ಕ್‌ನ ನಿತ್ಯದ ಆಹಾರವೂ ಅಲ್ಲ. ಕಡಿತಕ್ಕೆ ಒಳಗಾದವರ ನೋವನ್ನು ಇದು ಕಡಿಮೆ ಮಾಡುವುದಿಲ್ಲವಾದರೂ ಒಂದು ಇಡೀ ಪ್ರಾಣಿಕುಲವನ್ನು ನರಭಕ್ಷಕ ಎಂದು ಕರೆಯುವುದಕ್ಕೆ ಆಧಾರವಿಲ್ಲ.

ಭೀಮಾ ನದಿಗೆ ಅಥವಾ ಕೃಷ್ಣಾ ನದಿಗೆ ಶಾರ್ಕ್ ಬರೂದು ಸಾಧ್ಯ ಅದನಾ?

ನಮ್ಮ ನದಿಗಳಿಗೆ ಬರಲಾರವು. ಆದರೆ ಪ್ರಶ್ನೆ ಅರ್ಥವಿಲ್ಲದ್ದಲ್ಲ, ಏಕೆಂದರೆ ಬುಲ್ ಶಾರ್ಕ್ ಸಿಹಿನೀರಿನಲ್ಲಿಯೂ ಬಹುಕಾಲ ಬದುಕಿ ಬೇಟೆಯಾಡಬಲ್ಲದು. ಮಧ್ಯ ಅಮೆರಿಕದ ನಿಕರಾಗುವಾ ಸರೋವರಕ್ಕೆ ಅದು ಸಮುದ್ರದಿಂದ ಸಾನ್ ಹುವಾನ್ ನದಿಯ ಮೂಲಕ ಏರಿ ಬರುತ್ತದೆ. ನಮ್ಮ ದೇಶದಲ್ಲಿಯೇ ಗಂಗಾ ಶಾರ್ಕ್ ಎಂಬ ಪ್ರಭೇದವಿದೆ. ಅದೀಗ ಅಳಿವಿನ ಅಂಚಿನಲ್ಲಿದೆ. ಭೀಮೆ ರಾಯಚೂರಿಗೆ ಉತ್ತರದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ, ಕೃಷ್ಣೆ ಅಲ್ಲಿಂದ ಬಂಗಾಳ ಕೊಲ್ಲಿಯವರೆಗೆ ಹರಿಯುವ ದಾರಿಯಲ್ಲಿ ಜುರಾಲಾ, ಶ್ರೀಶೈಲ, ನಾಗಾರ್ಜುನ ಸಾಗರ ಅಣೆಕಟ್ಟುಗಳೂ ವಿಜಯವಾಡದ ಪ್ರಕಾಶಂ ಬ್ಯಾರೇಜೂ ಅಡ್ಡ ನಿಂತಿವೆ. ಸಮುದ್ರದಿಂದ ಮೇಲಕ್ಕೆ ಈಜುವ ಯಾವ ಶಾರ್ಕ್‌ಗೂ ಅವುಗಳನ್ನು ದಾಟುವ ದಾರಿಯಿಲ್ಲ.

ಒಮ್ಮೆ ಹೊಟ್ಟಿ ತುಂಬ ತಿಂದ್ರ ಎಷ್ಟ್ ದಿನ ತಡೀತದ?

ಇದು ಶಾರ್ಕ್‌ನ ಮೈಬಿಸಿ ಮತ್ತು ಓಡಾಟವನ್ನು ಅವಲಂಬಿಸಿದೆ. ಬಹುತೇಕ ಶಾರ್ಕ್‌ಗಳ ಮೈ ಸುತ್ತಲಿನ ನೀರಿನಷ್ಟೇ ತಣ್ಣಗಿರುವುದರಿಂದ ಅದೇ ತೂಕದ ಸಸ್ತನಿಗಿಂತ ಅವುಗಳಿಗೆ ಬಹಳ ಕಡಿಮೆ ಆಹಾರ ಸಾಕು. ಬಿಳಿ ಶಾರ್ಕ್, ಮಾಕೋ ಮೊದಲಾದ ಕೆಲವು ಮಾತ್ರ ಸ್ನಾಯುಗಳಲ್ಲಿ ಹುಟ್ಟುವ ಶಾಖವನ್ನು ಹೊರಗೆ ಬಿಡದೆ ಉಳಿಸಿಕೊಂಡು ಮೈಯ ಭಾಗಗಳನ್ನು ಬೆಚ್ಚಗಿಡುತ್ತವೆ, ಆ ಬಿಸಿಗೆ ಬೆಲೆಯಾಗಿ ಹೆಚ್ಚು ತಿನ್ನುತ್ತವೆ.

ಒಂದು ಬಿಳಿ ಶಾರ್ಕ್‌ಗೆ 30 ಕಿಲೋ ತಿಮಿಂಗಿಲದ ಕೊಬ್ಬು ಒಂದೂವರೆ ತಿಂಗಳಿಗೆ ಸಾಕಾಗುತ್ತದೆ ಎಂಬ 1982ರ ಅಂದಾಜು ದೀರ್ಘಕಾಲ ಪುಸ್ತಕಗಳಲ್ಲಿ ಉಳಿದುಬಂದಿತ್ತು. ಆಸ್ಟ್ರೇಲಿಯಾದಲ್ಲಿ ಶಾರ್ಕ್‌ಗಳ ಈಜಿನ ವೇಗವನ್ನು ಅಳೆದು ಮಾಡಿದ, 2013ರಲ್ಲಿ ಪ್ರಕಟವಾದ ಲೆಕ್ಕ ಅದನ್ನು ಸುಮಾರು ಎರಡು ವಾರಕ್ಕೆ ಇಳಿಸಿತು. ಉತ್ತರದ ಹಿಮಸಾಗರದ ಗ್ರೀನ್‌ಲ್ಯಾಂಡ್ ಶಾರ್ಕ್ ಇನ್ನೊಂದು ತುದಿಯಲ್ಲಿದೆ. ಹೆಪ್ಪುಗಟ್ಟುವ ಹಂತದ ನೀರಿನಲ್ಲಿ ಅತ್ಯಂತ ನಿಧಾನವಾಗಿ ಈಜುವ ಅದು ಕನಿಷ್ಠ 272 ವರ್ಷ ಬದುಕುತ್ತದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಅಂಥ ಜೀವಕ್ಕೆ ದೇಹದ ಗಾತ್ರಕ್ಕೆ ಹೋಲಿಸಿದರೆ ಅತ್ಯಲ್ಪ ಆಹಾರ ಸಾಕು.

ಶಾರ್ಕ್‌ನ ಹಲ್ಲು ಎಷ್ಟು ಬಾರಿ ಉದುರುತ್ತದೆ? ಹಲ್ಲು ನೋಡಿ ಆಹಾರ ಹೇಳಬಹುದೇ?

ಹಲ್ಲುಗಳು ಸಾಲುಸಾಲಾಗಿ ಹಿಂದಿನಿಂದ ಬೆಳೆದು ಮುಂದಕ್ಕೆ ಸರಿಯುತ್ತ, ಜೀವನವಿಡೀ ಉದುರಿ ಹೊಸದಾಗುತ್ತಲೇ ಇರುತ್ತವೆ. ಒಂದು ಶಾರ್ಕ್ ಒಟ್ಟು ಸಾವಿರಾರು ಹಲ್ಲುಗಳನ್ನು ಕಳೆದುಕೊಳ್ಳುತ್ತದೆ. ಆಹಾರದ ಅಂದಾಜನ್ನು ಹಲ್ಲಿನಿಂದ ಬಹುಮಟ್ಟಿಗೆ ಮಾಡಬಹುದು. ಮಾಕೋ ಶಾರ್ಕ್‌ನ ಉದ್ದನೆಯ ಚೂಪು ಹಲ್ಲು ಜಾರುವ ಮೀನನ್ನು ಹಿಡಿದಿಡಲು ತಕ್ಕದ್ದು. ಹುಲಿ ಶಾರ್ಕ್‌ನ ಓರೆಯಾದ, ಗರಗಸದಂಚಿನ ಅಗಲ ಹಲ್ಲು ಆಮೆಯ ಚಿಪ್ಪನ್ನೂ ಕೊಯ್ಯುತ್ತದೆ. ಆಸ್ಟ್ರೇಲಿಯಾದ ಪೋರ್ಟ್ ಜಾಕ್ಸನ್ ಶಾರ್ಕ್‌ಗೆ ಮುಂದೆ ಹಿಡಿಯುವ ಚೂಪು ಹಲ್ಲು, ಹಿಂದೆ ಕಡಲ ಕಂಟಕಗಳನ್ನೂ ಚಿಪ್ಪುಜೀವಿಗಳನ್ನೂ ಜಜ್ಜುವ ಚಪ್ಪಟೆ ಹಲ್ಲು, ಹೀಗೆ ಒಂದೇ ಬಾಯಲ್ಲಿ ಎರಡು ಬಗೆ.

## ಹುಡುಕುವುದು, ಹಿಡಿಯುವುದು, ಅರಗಿಸುವುದು

ಒಂದು ಹನಿ ರಕ್ತ ಬಿದ್ರ ಮೈಲು ದೂರದಿಂದ ವಾಸನಿ ಹಿಡೀತದ ಅಂತ ಕೇಳೀವಿ. ಅಷ್ಟು ದೂರಾ?

ಒಂದು ಹನಿಗೆ ಮೈಲು ದೂರ ಎಂಬುದು ಉತ್ಪ್ರೇಕ್ಷೆ. ವಾಸನೆ ನೀರಿನ ಹರಿವಿನೊಡನೆ ಮಾತ್ರ ಸಾಗುತ್ತದೆ, ಸಾಗುತ್ತ ತೆಳುವಾಗುತ್ತದೆ. ಹರಿವಿನ ಮೇಲ್ಭಾಗದಲ್ಲಿರುವ ಶಾರ್ಕ್‌ಗೆ ಅದು ತಲುಪುವುದೇ ಇಲ್ಲ. ಶಾರ್ಕ್‌ನ ಮೂಗು ಸೂಕ್ಷ್ಮವಾದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚು ಆಸಕ್ತಿಯ ವಿಷಯವೆಂದರೆ ವಾಸನೆ ಯಾವ ಕಡೆಯಿಂದ ಬಂತು ಎಂಬುದನ್ನು ಅದು ಪತ್ತೆಹಚ್ಚುವ ರೀತಿ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಪ್ರಕಾರ, ಎರಡು ಮೂಗಿನ ಹೊಳ್ಳೆಗಳಲ್ಲಿ ಯಾವುದಕ್ಕೆ ವಾಸನೆ ಮೊದಲು ಮುಟ್ಟಿತೋ ಆ ಕಡೆಗೆ ಶಾರ್ಕ್ ತಿರುಗುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದು ಸೆಕೆಂಡಿನ ಚಿಕ್ಕ ಭಾಗವಿದ್ದರೂ ಸಾಕು.

ಬೇಟೆಯಲ್ಲಿ ಇಂದ್ರಿಯಗಳು ಸರದಿಯಂತೆ ಕೆಲಸ ಮಾಡುತ್ತವೆ. ದೂರದಿಂದ ಒದ್ದಾಡುವ ಮೀನಿನ ಮಂದ್ರ ಸದ್ದು ಮತ್ತು ವಾಸನೆ, ಹತ್ತಿರ ಬಂದಂತೆ ಮೈಪಕ್ಕದ ಗೆರೆಯಲ್ಲಿ ತಿಳಿಯುವ ನೀರಿನ ಅಲುಗಾಟ, ಆಮೇಲೆ ಕಣ್ಣು, ಕಡೆಯ ಕೆಲವು ಅಂಗುಲಗಳಲ್ಲಿ ವಿದ್ಯುತ್ ಸಂವೇದನೆ. ಮೂತಿಯ ಮೇಲಿನ ಸಣ್ಣ ರಂಧ್ರಗಳ ಕೆಳಗೆ ಲೋಳೆ ತುಂಬಿದ ನಾಳಗಳಿವೆ. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲಿಯೇ ಅವನ್ನು ವಿವರಿಸಿದ್ದನಾದರೂ ಅವು ಏತಕ್ಕೆ ಎಂಬುದು ತಿಳಿದದ್ದು ಸುಮಾರು ಮುನ್ನೂರು ವರ್ಷಗಳ ತರುವಾಯ.

1971ರಲ್ಲಿ ಅಡ್ರಿಯಾನಸ್ ಕಾಲ್ಮೈನ್ ಮಾಡಿದ ಪ್ರಯೋಗವನ್ನು ತರಗತಿಯಲ್ಲಿ ವಿವರಿಸುವಾಗ ಹಿಂದಿನ ಬೆಂಚಿನವರೂ ಕಿವಿಗೊಡುತ್ತಾರೆ. ಅವರು ಚಪ್ಪಟೆ ಮೀನೊಂದನ್ನು ಮರಳಿನಡಿ ಅಗರ್ ಎಂಬ ಜೆಲ್ಲಿಯ ಗೂಡಿನಲ್ಲಿ ಹೂತಿಟ್ಟರು. ಜೆಲ್ಲಿ ವಿದ್ಯುತ್ತನ್ನು ಬಿಡುತ್ತದೆ, ವಾಸನೆಯನ್ನು ಆ ಜಾಗದಲ್ಲಿ ಹೊರಬಿಡುವುದಿಲ್ಲ. ಶಾರ್ಕ್ ನೇರವಾಗಿ ಮೀನಿದ್ದ ಕಡೆಗೇ ಎರಗಿತು. ಜೆಲ್ಲಿಯ ಮೇಲೆ ವಿದ್ಯುತ್ತನ್ನು ತಡೆಯುವ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದಾಗ ಅದರ ಮೇಲೆಯೇ ಈಜಿ ಹೋದರೂ ಗುರುತಿಸಲಿಲ್ಲ. ಕೊನೆಗೆ ಮೀನನ್ನೇ ತೆಗೆದು ಅಷ್ಟೇ ಕ್ಷೀಣ ವಿದ್ಯುತ್ ಸೂಸುವ ಎರಡು ಎಲೆಕ್ಟ್ರೋಡುಗಳನ್ನು ಹೂತಾಗ ಶಾರ್ಕ್ ಆ ಎಲೆಕ್ಟ್ರೋಡುಗಳನ್ನೇ ಅಗೆದು ಕಚ್ಚಲು ನೋಡಿತು. ಒಂದೊಂದೇ ಸಾಧ್ಯತೆಯನ್ನು ತೆಗೆದುಹಾಕುತ್ತ ಹೋಗುವ ಈ ಕ್ರಮ ಪ್ರಾಣಿವರ್ತನೆಯ ಅಧ್ಯಯನಕ್ಕೇ ಮಾದರಿ ಎಂದು ನಾನು ನಂಬುತ್ತೇನೆ.

ಸುತ್ತಿಗೆ ತಲೆಯ ಶಾರ್ಕ್‌ಗೆ ಆ ಆಕಾರದಿಂದ ಏನು ಲಾಭ?

ಅಗಲವಾದ ತಲೆಯ ಅಡಿಭಾಗದಲ್ಲಿ ವಿದ್ಯುತ್ ಗ್ರಾಹಿ ರಂಧ್ರಗಳು ದೂರ ದೂರ ಹರಡಿರುವುದರಿಂದ ಒಂದು ಸಲ ಈಜಿದರೆ ಹೆಚ್ಚು ಅಗಲದ ಮರಳನ್ನು ಅದು ಶೋಧಿಸಬಲ್ಲದು. ದೊಡ್ಡ ಸುತ್ತಿಗೆ ಶಾರ್ಕ್ ತನ್ನ ತಲೆಯಿಂದ ತೊರಕೆ (ರೇ) ಮೀನನ್ನು ನೆಲಕ್ಕೆ ಒತ್ತಿ ಹಿಡಿದು, ಅದರ ರೆಕ್ಕೆಯನ್ನು ಕಚ್ಚಿ ಈಜದಂತೆ ಮಾಡಿ ತಿನ್ನುವುದನ್ನು ಸಂಶೋಧಕರು ಕಣ್ಣಾರೆ ಕಂಡು ದಾಖಲಿಸಿದ್ದಾರೆ. ತೊರಕೆಯ ಬಾಲದ ವಿಷಮುಳ್ಳುಗಳು ಇಂಥ ಶಾರ್ಕ್‌ಗಳ ದವಡೆಯಲ್ಲಿ ಮುರಿದು ಉಳಿದಿರುವುದು ಅಪರೂಪವಲ್ಲ.

ಕಚ್ಚಿ ತಿನ್ನುವುದನ್ನು ಬಿಟ್ಟರೆ ಬೇರೆ ರೀತಿಯ ಬೇಟೆ ಇದೆಯೇ?

ಬಹಳ ಇವೆ. ಥ್ರೆಷರ್ ಶಾರ್ಕ್‌ನ ಬಾಲದ ಮೇಲ್ಭಾಗ ಮೈಯಷ್ಟೇ ಉದ್ದ. ಫಿಲಿಪೀನ್ಸ್‌ನ ಪೆಸ್ಕಾಡೋರ್ ದ್ವೀಪದ ಬಳಿ 2010ರಲ್ಲಿ ಚಿತ್ರೀಕರಿಸಿದ ದೃಶ್ಯಗಳಲ್ಲಿ ಅದು ಬೂತಾಯಿ ಮೀನುಗಳ ಹಿಂಡಿನತ್ತ ನುಗ್ಗಿ, ತಟ್ಟನೆ ತಲೆ ತಗ್ಗಿಸಿ, ಬಾಲವನ್ನು ತಲೆಯ ಮೇಲಿನಿಂದ ಬೀಸಿ ಹೊಡೆಯುತ್ತದೆ. ಏಟಿಗೆ ಸಿಕ್ಕ ಮೀನುಗಳು ಪ್ರಜ್ಞೆ ತಪ್ಪಿ ತೇಲುತ್ತವೆ, ಶಾರ್ಕ್ ತಿರುಗಿ ಬಂದು ಅವನ್ನು ಒಂದೊಂದಾಗಿ ತಿನ್ನುತ್ತದೆ. ನರ್ಸ್ ಶಾರ್ಕ್ ಬಂಡೆಯ ಬಿರುಕಿಗೆ ಬಾಯಿಟ್ಟು ಅಡಗಿದ ಬೇಟೆಯನ್ನು ನೀರಿನ ಸಮೇತ ಹೀರಿಕೊಳ್ಳುತ್ತದೆ. ಆಳದ ಗಾಬ್ಲಿನ್ ಶಾರ್ಕ್ ತನ್ನ ದವಡೆಯನ್ನೇ ಸೆಕೆಂಡಿಗೆ 3 ಮೀಟರ್‌ಗೂ ಹೆಚ್ಚು ವೇಗದಲ್ಲಿ ಮುಂದಕ್ಕೆ ಚಿಮ್ಮಿಸುತ್ತದೆ. ಅರ್ಧ ಮೀಟರ್ ಉದ್ದದ ಕುಕಿಕಟರ್ ಶಾರ್ಕ್ ತನ್ನ ದೊಡ್ಡ ಬೇಟೆಯನ್ನು ಕೊಲ್ಲುವುದಿಲ್ಲ. ತಿಮಿಂಗಿಲ, ಟ್ಯೂನಾಗಳ ಮೈಗೆ ತುಟಿಯಿಂದ ಅಂಟಿಕೊಂಡು ತಿರುಗಿ, ಒಂದು ದುಂಡನೆಯ ತುಣುಕನ್ನು ಕತ್ತರಿಸಿಕೊಂಡು ಹೋಗುತ್ತದೆ. 1970ರ ದಶಕದಲ್ಲಿ ಅಮೆರಿಕದ ಜಲಾಂತರ್ಗಾಮಿಗಳ ಸೋನಾರ್ ಮೇಲಿನ ರಬ್ಬರ್ ಹೊದಿಕೆಗಳನ್ನೂ ಅದು ಹೀಗೆಯೇ ಕಚ್ಚಿ ಹಾಳುಮಾಡಿತ್ತು.

ತಾಯಿ ಹೊಟ್ಯಾಗೇ ಒಡಹುಟ್ಟಿದವನ್ನ ತಿಂತಾವಂತ, ಹೌದಾ?

ಸ್ಯಾಂಡ್ ಟೈಗರ್ ಶಾರ್ಕ್‌ನಲ್ಲಿ ಹೌದು. ಈ ತಾಯಿಗೆ ಎರಡು ಗರ್ಭಕೋಶಗಳಿವೆ. ಪ್ರತಿಯೊಂದರಲ್ಲೂ ಮೊದಲು ಬೆಳೆದ ಭ್ರೂಣ ಉಳಿದ ಭ್ರೂಣಗಳನ್ನೂ ಆಮೇಲೆ ತಾಯಿ ಬಿಡುಗಡೆ ಮಾಡುತ್ತ ಹೋಗುವ ಫಲವಾಗದ ಮೊಟ್ಟೆಗಳನ್ನೂ ತಿಂದು ಬೆಳೆಯುತ್ತದೆ. ಕೊನೆಗೆ ಹುಟ್ಟುವುದು ಎರಡೇ ಮರಿ, ಆದರೆ ಒಂದೊಂದೂ ಸುಮಾರು ಒಂದು ಮೀಟರ್ ಉದ್ದ. ಬಿಳಿ ಶಾರ್ಕ್ ಮರಿಗಳು ಗರ್ಭದಲ್ಲಿ ಮೊಟ್ಟೆಗಳನ್ನು ಮಾತ್ರ ತಿನ್ನುತ್ತವೆ. ನಮ್ಮ ಕರಾವಳಿಯ ಸ್ಕೋಲಿಯೋಡಾನ್‌ನಲ್ಲಿ ಮಾಸುವಿನ ಮೂಲಕ ತಾಯಿಯೇ ಮರಿಗೆ ಆಹಾರ ಕೊಡುತ್ತದೆ.

ಸಸ್ಯಾಹಾರಿ ಶಾರ್ಕ್ ಅಂತ ಏನಾದ್ರೂ ಅದಾವೇನ್ರಿ?

ಪೂರ್ತಿ ಸಸ್ಯಾಹಾರಿ ಇಲ್ಲ, ಮಿಶ್ರಾಹಾರಿ ಇದೆ. ಸುತ್ತಿಗೆ ಶಾರ್ಕ್‌ಗಳ ಬಳಗದಲ್ಲಿ ಚಿಕ್ಕದಾದ ಬಾನೆಟ್‌ಹೆಡ್ ಅಮೆರಿಕದ ತೀರಗಳ ಕಡಲಹುಲ್ಲಿನ ನಡುವೆ ಏಡಿ ಹಿಡಿಯುತ್ತ ಬದುಕುತ್ತದೆ. ಅದರ ಹೊಟ್ಟೆಯಲ್ಲಿ ಹುಲ್ಲು ಸಿಕ್ಕಾಗಲೆಲ್ಲ ಏಡಿಯ ಜೊತೆ ಆಕಸ್ಮಿಕವಾಗಿ ಒಳಹೋದದ್ದು ಎಂದೇ ಬಹುಕಾಲ ಭಾವಿಸಲಾಗಿತ್ತು. ಸಮಂತಾ ಲೀ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶೇಕಡಾ 90ರಷ್ಟು ಕಡಲಹುಲ್ಲು, ಉಳಿದದ್ದು ಬೊಂಡಾಸ್ ಇದ್ದ ಆಹಾರವನ್ನು ಮೂರು ವಾರ ತಿನ್ನಿಸಿದರೂ ಶಾರ್ಕ್‌ಗಳ ತೂಕ ಇಳಿಯಲಿಲ್ಲ, ಏರಿತು. ಹುಲ್ಲಿನ ಸಾವಯವ ಅಂಶದ ಅರ್ಧದಷ್ಟನ್ನು ಅವು ಅರಗಿಸಿಕೊಂಡಿದ್ದವು. ಹುಲ್ಲಿಗೆ ವಿಶೇಷ ಇಂಗಾಲದ ಗುರುತು ಕೊಟ್ಟು ಬೆಳೆಸಿದ್ದರಿಂದ ಆ ಗುರುತು ಶಾರ್ಕ್‌ನ ರಕ್ತದಲ್ಲಿ ಕಾಣಿಸಿಕೊಂಡು ಅನುಮಾನಕ್ಕೆ ಎಡೆ ಉಳಿಯಲಿಲ್ಲ. ತಿಮಿಂಗಿಲ ಶಾರ್ಕ್ ಕೂಡ ನೀರಿನ ಜೊತೆ ಒಳಬಂದ ಸರ್ಗ್ಯಾಸಮ್ ಪಾಚಿಯ ಪೋಷಕಾಂಶವನ್ನು ಬಳಸಿಕೊಳ್ಳುತ್ತದೆ ಎಂದು 2022ರ ಅಧ್ಯಯನ ಸೂಚಿಸಿದೆ.

ಅಷ್ಟು ದೊಡ್ಡ ತಿಮಿಂಗಿಲ ಶಾರ್ಕ್ ಅಷ್ಟು ಸಣ್ಣ ಆಹಾರ ತಿಂದು ಹೇಗೆ ಬದುಕುತ್ತದೆ?

ಆಹಾರ ದಟ್ಟವಾಗಿರುವ ಜಾಗವನ್ನೂ ಕಾಲವನ್ನೂ ತಪ್ಪದೆ ಹಿಡಿಯುವುದರಿಂದ. ಸೋಸಿ ತಿನ್ನುವ ಶಾರ್ಕ್‌ಗಳು ಮೂರೇ: ತಿಮಿಂಗಿಲ ಶಾರ್ಕ್, ಬಾಸ್ಕಿಂಗ್ ಶಾರ್ಕ್ ಮತ್ತು 1976ರಲ್ಲಿ ಹವಾಯಿಯ ಬಳಿ ಮೊದಲ ಬಾರಿ ಸಿಕ್ಕ ಮೆಗಾಮೌತ್. ಬಾಸ್ಕಿಂಗ್ ಶಾರ್ಕ್ ಬಾಯಿ ತೆರೆದು ಈಜುತ್ತ ನೀರನ್ನು ಕಿವಿರಿನ ಮೂಲಕ ಹಾಯಿಸುತ್ತದೆ ಅಷ್ಟೆ. ತಿಮಿಂಗಿಲ ಶಾರ್ಕ್ ಹಾಗೂ ಮಾಡಬಲ್ಲದು, ಒಂದೇ ಕಡೆ ನಿಂತು ನೀರನ್ನು ಹೀರಲೂ ಬಲ್ಲದು. ಮೆಕ್ಸಿಕೋದ ಯುಕಾಟಾನ್ ತೀರದಲ್ಲಿ ಅಳೆದಾಗ ಆರು ಮೀಟರ್ ಉದ್ದದ ಒಂದು ಶಾರ್ಕ್ ಗಂಟೆಗೆ ಸುಮಾರು 600 ಘನ ಮೀಟರ್, ಅಂದರೆ 6 ಲಕ್ಷ ಲೀಟರ್ ನೀರನ್ನು ಸೋಸುತ್ತದೆ ಎಂಬ ಅಂದಾಜು ಸಿಕ್ಕಿತು. ಅದೇ ತೀರದಾಚೆ 2009ರಲ್ಲಿ ವಿಮಾನದಿಂದ ನೋಡಿದಾಗ 420 ತಿಮಿಂಗಿಲ ಶಾರ್ಕ್‌ಗಳು ಒಂದೆಡೆ ಕೂಡಿದ್ದವು. ಅವು ತಿನ್ನುತ್ತಿದ್ದದ್ದು ಟ್ಯೂನಾ ಜಾತಿಯ ಮೀನಿನ ಆಗತಾನೇ ಬಿಟ್ಟ ಮೊಟ್ಟೆಗಳನ್ನು. ಬೆಲೀಜ್‌ನಲ್ಲಿ ಸ್ನ್ಯಾಪರ್ ಮೀನುಗಳು ಮೊಟ್ಟೆಯಿಡುವ ಕಾಲಕ್ಕೂ, ಪಶ್ಚಿಮ ಆಸ್ಟ್ರೇಲಿಯಾದ ನಿಂಗಾಲೂ ಹವಳದ ದಿಬ್ಬಕ್ಕೆ ಹವಳಗಳು ಸಂತಾನೋತ್ಪತ್ತಿ ಮಾಡುವ ಋತುವಿನ ಆಸುಪಾಸಿಗೂ ಅವು ಬಂದು ಸೇರುತ್ತವೆ.

ನಮ್ಮ ದೇಶದಲ್ಲಿ ಇವು ಗುಜರಾತಿನ ಸೌರಾಷ್ಟ್ರ ತೀರಕ್ಕೆ ಬರುತ್ತವೆ. ಒಂದು ಕಾಲಕ್ಕೆ ಎಣ್ಣೆಗಾಗಿಯೂ ಮಾಂಸಕ್ಕಾಗಿಯೂ ಅಲ್ಲಿ ಇವುಗಳನ್ನು ಕೊಲ್ಲಲಾಗುತ್ತಿತ್ತು. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿದ ಮೇಲೆ, ಅದೇ ಮೀನುಗಾರರು ಬಲೆಗೆ ಸಿಕ್ಕ ಶಾರ್ಕ್ ಅನ್ನು ಬಲೆ ಕತ್ತರಿಸಿ ಬಿಡುವ ಪರಿಪಾಠ ಬೆಳೆಯಿತು. ಬಲೆಯ ನಷ್ಟಕ್ಕೆ ಪರಿಹಾರವೂ ಸಿಗುತ್ತದೆ. ಸಮುದ್ರ ಸಂರಕ್ಷಣೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಬದಲಾವಣೆಗಳಲ್ಲಿ ಇದೂ ಒಂದು.

ಇಷ್ಟೆಲ್ಲ ತಿನ್ನುವ ಪ್ರಾಣಿಯ ಕರುಳು ಅಷ್ಟು ಗಿಡ್ಡ ಯಾಕೆ?

ಹೊರಗಿನಿಂದ ಗಿಡ್ಡವೆಂದು ಕಾಣುತ್ತದೆ. ಸೀಳಿ ನೋಡಿದರೆ ಬೇರೆಯೇ ಚಿತ್ರ. ಒಳಗೋಡೆಯಿಂದ ಎದ್ದ ಒಂದು ತೆಳು ಮಡಿಕೆ ಕರುಳಿನುದ್ದಕ್ಕೂ ಸುತ್ತುತ್ತ ಇಳಿಯುತ್ತದೆ. ಹಳೆಯ ಮಿನಾರಿನೊಳಗಿನ ಸುರುಳಿ ಮೆಟ್ಟಿಲು ಸಣ್ಣ ಜಾಗದಲ್ಲಿ ಉದ್ದನೆಯ ದಾರಿಯನ್ನು ಒದಗಿಸುವ ಹಾಗೆ, ಈ ಮಡಿಕೆ ಆಹಾರವನ್ನು ಸುತ್ತಿಸಿ ಸುತ್ತಿಸಿ ನಿಧಾನವಾಗಿ ಸಾಗಿಸುತ್ತದೆ, ಹೀರಿಕೊಳ್ಳುವ ಮೇಲ್ಮೈಯೂ ಹಲವು ಪಟ್ಟು ಹೆಚ್ಚುತ್ತದೆ. 2021ರಲ್ಲಿ ಹಲವು ಪ್ರಭೇದಗಳ ಕರುಳುಗಳನ್ನು ಸಿಟಿ ಸ್ಕ್ಯಾನ್ ಮಾಡಿ, ಅವುಗಳಲ್ಲಿ ದ್ರವ ಹಾಯಿಸಿ ನೋಡಿದ ಸಂಶೋಧಕರಿಗೆ ಇನ್ನೊಂದು ಸಂಗತಿ ಕಂಡಿತು: ದ್ರವ ಮುಂದಕ್ಕೆ ಸುಲಭವಾಗಿ ಹರಿಯುತ್ತದೆ, ಹಿಂದಕ್ಕೆ ಹರಿಯುವುದು ಕಷ್ಟ. ನಿಕೋಲಾ ಟೆಸ್ಲಾ 1920ರಲ್ಲಿ ಪೇಟೆಂಟ್ ಪಡೆದ, ಚಲಿಸುವ ಭಾಗಗಳೇ ಇಲ್ಲದ ಒಮ್ಮುಖ ಕವಾಟದ ತತ್ವವೂ ಇದೇ. ಮುಳ್ಳು, ಚಿಪ್ಪು, ಗರಿಗಳಂಥ ಅರಗದ ವಸ್ತುಗಳು ಈ ಸುರುಳಿಗೆ ಹೋಗುವುದೇ ಕಷ್ಟ. ಹಲವು ಶಾರ್ಕ್‌ಗಳು ಜಠರವನ್ನೇ ಬಾಯಿಯಿಂದ ಹೊರಮಗುಚಿ, ತೊಳೆದುಕೊಂಡು, ಮತ್ತೆ ಒಳಗೆಳೆದುಕೊಳ್ಳುತ್ತವೆ.

## ಸಾಗರದಿಂದ ಸಾಗರಕ್ಕೆ

ಬಿಳಿ ಶಾರ್ಕ್ ಸೀಲ್ ಸಿಗುವ ಜಾಗ ಬಿಟ್ಟು ಖಾಲಿ ಸಮುದ್ರದ ನಡುವೆ ಯಾಕೆ ಹೋಗುತ್ತದೆ?

ಆ ನಡುಸಮುದ್ರ ನಾವು ತಿಳಿದಷ್ಟು ಖಾಲಿಯಲ್ಲ. ಬಿಳಿ ಶಾರ್ಕ್‌ನ ಬದುಕಿನಲ್ಲಿ ಎರಡು ಬದಲಾವಣೆಗಳಿವೆ. ಒಂದು ವಯಸ್ಸಿನದು: ಎಳೆಯದಿದ್ದಾಗ ಅದರ ಹಲ್ಲು ಕಿರಿದು, ಆಹಾರ ಮೀನು ಮತ್ತು ತೊರಕೆ, ಉದ್ದ ಸುಮಾರು 3 ಮೀಟರ್ ದಾಟುವ ಹೊತ್ತಿಗೆ ಹಲ್ಲು ಅಗಲವಾಗಿ ಸೀಲ್‌ನಂಥ ಸಸ್ತನಿಗಳ ಬೇಟೆ ಶುರುವಾಗುತ್ತದೆ. ಇನ್ನೊಂದು ಋತುವಿನದು: ಕ್ಯಾಲಿಫೋರ್ನಿಯಾದ ಫ್ಯಾರಲಾನ್ ದ್ವೀಪಗಳಲ್ಲಿ ಶರತ್ಕಾಲದಲ್ಲಿ ಎಲಿಫೆಂಟ್ ಸೀಲ್‌ಗಳನ್ನು ತಿಂದು, ಸಿಕ್ಕ ಕೊಬ್ಬನ್ನು ಯಕೃತ್ತಿನಲ್ಲಿ ಎಣ್ಣೆಯಾಗಿ ಕೂಡಿಟ್ಟುಕೊಂಡು, ಅವು ಹವಾಯಿಗೆ ಅರ್ಧ ದಾರಿಯಲ್ಲಿರುವ ವಿಶಾಲ ಪ್ರದೇಶಕ್ಕೆ ತಿಂಗಳುಗಟ್ಟಲೆ ಹೋಗುತ್ತವೆ. ಅಲ್ಲಿ ಅವು ನೂರಾರು ಮೀಟರ್ ಆಳಕ್ಕೆ ಮತ್ತೆ ಮತ್ತೆ ಮುಳುಗುತ್ತವೆ. ಆ ಆಳದಲ್ಲಿ ಬೊಂಡಾಸ್ ಮತ್ತು ಮೀನುಗಳ ದಟ್ಟ ಪದರವಿದೆ. ಅದು ರಾತ್ರಿ ಮೇಲೇರಿ ಹಗಲು ಕೆಳಗಿಳಿಯುತ್ತದೆ. ಅಟ್ಲಾಂಟಿಕ್‌ನಲ್ಲಿ ಬಿಳಿ ಶಾರ್ಕ್ ಮತ್ತು ನೀಲಿ ಶಾರ್ಕ್‌ಗಳು ಬೆಚ್ಚನೆಯ ನೀರಿನ ದೊಡ್ಡ ಸುಳಿಗಳನ್ನು ಆರಿಸಿ ಅವುಗಳೊಳಗೆ ಆಳಕ್ಕಿಳಿಯುವುದು ಕಂಡುಬಂದಿದೆ. ಬೆಚ್ಚನೆಯ ನೀರು ಆಳದವರೆಗೂ ಇರುವುದರಿಂದ ಮೈ ತಣ್ಣಗಾಗದೆ ಹೆಚ್ಚು ಹೊತ್ತು ಬೇಟೆಯಾಡಬಹುದು ಎಂಬುದು ಇದಕ್ಕೆ ಕೊಡುವ ವಿವರಣೆ.

ಹುಲಿ ಶಾರ್ಕ್ ಹಕ್ಕಿನೂ ತಿಂತದಂತ. ಹಕ್ಕಿ ಸಮುದ್ರದಾಗ ಎಲ್ಲಿಂದ ಸಿಗ್ತಾವ?

ವಲಸೆಯಲ್ಲಿ ದಣಿದು ನೀರಿಗೆ ಬಿದ್ದವು ಸಿಗುತ್ತವೆ. ಮೆಕ್ಸಿಕೋ ಕೊಲ್ಲಿಯ ಉತ್ತರ ಭಾಗದಲ್ಲಿ 105 ಎಳೆಯ ಹುಲಿ ಶಾರ್ಕ್‌ಗಳ ಹೊಟ್ಟೆಯನ್ನು ಪರಿಶೀಲಿಸಿದಾಗ 41ರಲ್ಲಿ ಹಕ್ಕಿಯ ಅವಶೇಷಗಳಿದ್ದವು. ಗರಿಗಳ ಡಿಎನ್‌ಎ ನೋಡಿದರೆ ಅವು ಕಡಲ ಹಕ್ಕಿಗಳಲ್ಲ, ತೋಟ-ಹೊಲಗಳಲ್ಲಿ ಕಾಣುವ ನೆಲದ ಹಕ್ಕಿಗಳು. 2019ರಲ್ಲಿ ಪ್ರಕಟವಾದ ಈ ಸಂಗತಿ ನೆಲದ ಆಹಾರ ಜಾಲಕ್ಕೂ ಸಮುದ್ರದ ಆಹಾರ ಜಾಲಕ್ಕೂ ನಡುವಿನ ಒಂದು ಅನಿರೀಕ್ಷಿತ ಕೊಂಡಿ.

ಶಾರ್ಕ್ ಅನ್ನು ತಿನ್ನುವ ಪ್ರಾಣಿ ಯಾವುದು?

ದೊಡ್ಡ ಶಾರ್ಕ್‌ಗಳು ಚಿಕ್ಕವನ್ನು ತಿನ್ನುತ್ತವೆ. ದೊಡ್ಡವನ್ನು ಕೊಲೆಗಾರ ತಿಮಿಂಗಿಲ ಎಂದೂ ಕರೆಯುವ ಓರ್ಕಾ ತಿನ್ನುತ್ತದೆ. 2017ರಲ್ಲಿ ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್ ತೀರಕ್ಕೆ ಬಿಳಿ ಶಾರ್ಕ್‌ಗಳ ಕಳೇಬರಗಳು ಬಂದು ಬಿದ್ದವು. ಹೆಚ್ಚಿನವುಗಳಲ್ಲಿ ಯಕೃತ್ತು ಮಾತ್ರ ಇರಲಿಲ್ಲ. ಪೋರ್ಟ್ ಮತ್ತು ಸ್ಟಾರ್‌ಬೋರ್ಡ್ ಎಂದು ಹೆಸರಿಟ್ಟ ಎರಡು ಗಂಡು ಓರ್ಕಾಗಳು ಆ ನೀರಿನಲ್ಲಿ ಸುಳಿದಾಗಲೆಲ್ಲ ಶಾರ್ಕ್‌ಗಳು ವಾರಗಟ್ಟಲೆ, ತಿಂಗಳುಗಟ್ಟಲೆ ಜಾಗ ಖಾಲಿ ಮಾಡಿದವು.

## ಇನ್ನೂ ಆಳಕ್ಕೆ ಹೋಗುವವರಿಗೆ

ನೀರಿನಾಳದಲ್ಲಿ ಏನು ತಿಂದಿತು ಎಂಬುದು ವಿಜ್ಞಾನಿಗಳಿಗೆ ಗೊತ್ತಾಗುವುದಾದರೂ ಹೇಗೆ?

ಹಳೆಯ ದಾರಿ ಹೊಟ್ಟೆಯನ್ನು ನೋಡುವುದು. ಅದು ಕಡೆಯ ಊಟವನ್ನು ಮಾತ್ರ ಹೇಳುತ್ತದೆ, ಅದೂ ಬೇಗ ಅರಗದ ಭಾಗಗಳನ್ನು. ಬೊಂಡಾಸ್‌ನ ಕೊಕ್ಕು ಉಳಿಯುತ್ತದೆ, ಮೆತ್ತನೆಯ ಜೀವಿ ಕಾಣೆಯಾಗುತ್ತದೆ. ಜೊತೆಗೆ ಅನೇಕ ಶಾರ್ಕ್‌ಗಳು ಸಿಕ್ಕಾಗ ಹೊಟ್ಟೆ ಖಾಲಿಯೇ ಇರುತ್ತದೆ. ಎರಡನೆಯದು ಐಸೋಟೋಪು, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳು. ತಿಂದ ಆಹಾರದಿಂದ ತಿನ್ನುವವನ ಮೈಗೆ ಹೋಗುವಾಗ ಭಾರದ ಸಾರಜನಕದ, ಅಂದರೆ ನೈಟ್ರೋಜನ್-15ರ, ಪ್ರಮಾಣ ಪ್ರತಿ ಹಂತಕ್ಕೂ ಸಾವಿರಕ್ಕೆ ಸುಮಾರು ಮೂರರಷ್ಟು ಹೆಚ್ಚುತ್ತದೆ. ಹೀಗಾಗಿ ಚೂರು ಸ್ನಾಯುವಿನಿಂದ ಶಾರ್ಕ್‌ನ ಹಂತವನ್ನು ಅಂದಾಜು ಮಾಡಬಹುದು. ಇಂಗಾಲದ ಐಸೋಟೋಪು ಆಹಾರ ತೀರದ್ದೋ ನಡುಸಮುದ್ರದ್ದೋ ಎಂಬುದರ ಸುಳಿವು ಕೊಡುತ್ತದೆ. ರಕ್ತ ಬೇಗ ಬದಲಾಗುವುದರಿಂದ ಇತ್ತೀಚಿನ ಆಹಾರವನ್ನೂ, ಸ್ನಾಯು ನಿಧಾನವಾಗಿ ಬದಲಾಗುವುದರಿಂದ ಬಹಳ ತಿಂಗಳುಗಳ ಆಹಾರವನ್ನೂ ಹೇಳುತ್ತವೆ. ಇವುಗಳ ಜೊತೆಗೆ ಮಲದ್ವಾರದಿಂದ ತೆಗೆದ ಮಾದರಿಯ ಡಿಎನ್‌ಎ, ರೆಕ್ಕೆಗೆ ಕಟ್ಟಿದ ಕ್ಯಾಮೆರಾ ಮತ್ತು ಉಪಗ್ರಹ ಟ್ಯಾಗ್‌ಗಳಿವೆ. ಒಂದು ವಿಧಾನದ ಕುರುಡು ಜಾಗವನ್ನು ಇನ್ನೊಂದು ತುಂಬುತ್ತದೆ. ಒಂದನ್ನೇ ನೆಚ್ಚಿದ ತೀರ್ಮಾನಗಳನ್ನು ಎಚ್ಚರದಿಂದ ಓದಬೇಕು.

ತಿನ್ನುವ ಶಾರ್ಕ್ ಹೆಚ್ಚು, ತಿನ್ನಿಸಿಕೊಳ್ಳುವ ಮೀನು ಕಡಿಮೆ ಇರುವ ಜಾಗ ಇದೆಯಂತೆ. ಪಿರಮಿಡ್ ತಲೆಕೆಳಗಾಗುವುದು ಸಾಧ್ಯವೇ?

ಫ್ರೆಂಚ್ ಪಾಲಿನೇಷ್ಯಾದ ಫಕರಾವಾ ಹವಳದ್ವೀಪದ ದಕ್ಷಿಣ ಕಾಲುವೆಯಲ್ಲಿ ಸುಮಾರು 600 ಬೂದು ಶಾರ್ಕ್‌ಗಳು ಗುಂಪುಗೂಡಿರುತ್ತವೆ, ಆ ಜಾಗದ ಮೀನುಗಳಷ್ಟೇ ಅವನ್ನು ಸಾಕಲಾರವು. 2016ರಲ್ಲಿ ಪ್ರಕಟವಾದ ಅಧ್ಯಯನ ಇದರ ಗುಟ್ಟನ್ನು ಬಿಡಿಸಿತು. ಜೂನ್-ಜುಲೈನಲ್ಲಿ ಸುಮಾರು 17,000 ಗ್ರೂಪರ್ ಮೀನುಗಳು ದೂರದಿಂದ ಮೊಟ್ಟೆಯಿಡಲು ಅಲ್ಲಿಗೆ ಬರುತ್ತವೆ. ಶಾರ್ಕ್‌ಗಳು ಆಗ ಅಲ್ಲೇ ಉಳಿದು ತಿನ್ನುತ್ತವೆ, ಉಳಿದ ಕಾಲದಲ್ಲಿ ಹಲವು ಶಾರ್ಕ್‌ಗಳು ಆಹಾರಕ್ಕಾಗಿ ಬೇರೆಡೆ ಹೋಗಿ ಬರುತ್ತವೆ. ಒಂದು ಜಾಗದ ಲೆಕ್ಕದಲ್ಲಿ ಪಿರಮಿಡ್ ತಲೆಕೆಳಗಾದಂತೆ ಕಂಡರೂ ಆಹಾರ ಬರುವ ಇಡೀ ಪ್ರದೇಶವನ್ನು ಸೇರಿಸಿದರೆ ತಿನ್ನುವವುಗಳಿಗಿಂತ ಆಹಾರ ಹೆಚ್ಚಿರಬೇಕೆಂಬ ಶಕ್ತಿಯ ನಿಯಮ ಎಲ್ಲಿಯೂ ಮುರಿದಿಲ್ಲ.

ಶಾರ್ಕ್ ಇಲ್ಲದಿದ್ದರೆ ಇಡೀ ಸಮುದ್ರವೇ ಹಾಳಾಗುತ್ತದೆ ಎನ್ನುತ್ತಾರೆ. ಇದಕ್ಕೆ ಪುರಾವೆ ಎಷ್ಟು ಗಟ್ಟಿ?

ಕೆಲವು ಕಡೆ ಗಟ್ಟಿ, ಕೆಲವು ಕಡೆ ದುರ್ಬಲ. ಅಮೆರಿಕದ ಪೂರ್ವ ತೀರದಲ್ಲಿ ದೊಡ್ಡ ಶಾರ್ಕ್‌ಗಳು ಕಡಿಮೆಯಾಗಿ, ಅವು ತಿನ್ನುತ್ತಿದ್ದ ಕೌನೋಸ್ ತೊರಕೆಗಳು ಹೆಚ್ಚಿ, ಅವು ಸ್ಕ್ಯಾಲಪ್ ಚಿಪ್ಪುಮೀನನ್ನು ತಿಂದು ಮುಗಿಸಿದವು ಎಂದು 2007ರಲ್ಲಿ ಪ್ರಕಟವಾದ ಪ್ರಬಂಧ ಬಹಳ ಪ್ರಸಿದ್ಧವಾಯಿತು. ಅದನ್ನು ನಂಬಿ ತೊರಕೆಗಳನ್ನು ಹಿಡಿದು ತಿನ್ನಿರೆಂಬ ಪ್ರಚಾರವೂ ನಡೆಯಿತು. 2016ರಲ್ಲಿ ಡೀನ್ ಗ್ರಬ್ಸ್ ಮತ್ತು ಸಂಗಡಿಗರು ಅದೇ ಮಾಹಿತಿಯನ್ನು ಮತ್ತೆ ತೂಗಿ ನೋಡಿದರು. ಸ್ಕ್ಯಾಲಪ್ ಕುಸಿತದ ಕಾಲ ತೊರಕೆಗಳ ಏರಿಕೆಗೆ ಹೊಂದಲಿಲ್ಲ. ವರ್ಷಕ್ಕೆ ಒಂದೇ ಮರಿ ಹಾಕುವ ತೊರಕೆ ಅಷ್ಟು ಬೇಗ ಹೆಚ್ಚಲೂ ಸಾಧ್ಯವಿರಲಿಲ್ಲ. ಅದರ ಆಹಾರದಲ್ಲಿ ಸ್ಕ್ಯಾಲಪ್‌ನ ಪಾಲು ತೀರ ಕಡಿಮೆ. ಒಂದು ಆಕರ್ಷಕ ಕತೆ ಇನ್ನೊಂದು ಪ್ರಾಣಿಗೆ ಅಪಾಯವಾದ ಸಂದರ್ಭವಿದು. ಶಾರ್ಕ್‌ಗಳನ್ನು ಪ್ರೀತಿಸುವವರು ಇದನ್ನು ಮುಚ್ಚಿಡಬಾರದು.

ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಮೈಕ್ ಹೀಥಾಸ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕಲೆಹಾಕಿದ ಪುರಾವೆ ಇದಕ್ಕಿಂತ ಬಲವಾದದ್ದು. ಅಲ್ಲಿ ಬೆಚ್ಚನೆಯ ತಿಂಗಳುಗಳಲ್ಲಿ ಹುಲಿ ಶಾರ್ಕ್‌ಗಳು ಹೆಚ್ಚಾದಾಗ ಡುಗಾಂಗ್ (ಕಡಲಹುಲ್ಲು ಮೇಯುವ ಸಸ್ತನಿ), ಆಮೆ ಮತ್ತು ಡಾಲ್ಫಿನ್‌ಗಳು ಒಳ್ಳೆಯ ಆಹಾರವಿರುವ ಆಳವಿಲ್ಲದ ಜಾಗಗಳನ್ನು ಬಿಟ್ಟು ಸುರಕ್ಷಿತ ಅಂಚುಗಳಿಗೆ ಸರಿಯುತ್ತವೆ. ಶಾರ್ಕ್ ಯಾರನ್ನೂ ತಿನ್ನದಿದ್ದರೂ ಅದರ ಇರವಿನ ಭಯವೇ ಎಲ್ಲಿ ಮೇಯಬೇಕು ಎಂಬುದನ್ನು ನಿರ್ಧರಿಸುತ್ತದೆ, ಅದರಿಂದ ಕಡಲಹುಲ್ಲು ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಶಾರ್ಕ್‌ನ ಪಾತ್ರವನ್ನು ತಿಂದ ಕಿಲೋಗಳ ಲೆಕ್ಕದಲ್ಲಿ ಮಾತ್ರ ಅಳೆಯುವುದು ತಪ್ಪಾಗುವುದು ಇಲ್ಲಿಯೇ.

ಆತಂಕಕ್ಕೆ ಕಾರಣವಂತೂ ಇದೆ. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದೀಚೆಗೆ ಶೇಕಡಾ 71ರಷ್ಟು ಕುಸಿದಿದೆ ಎಂದು 2021ರ ಜಾಗತಿಕ ಅಧ್ಯಯನ ತಿಳಿಸಿತು. ಮುಖ್ಯ ಕಾರಣ ಅತಿಯಾದ ಮೀನುಗಾರಿಕೆ. ಭಾರತ 2013ರಲ್ಲಿ ರೆಕ್ಕೆ ಕತ್ತರಿಸಿ ದೇಹವನ್ನು ಸಮುದ್ರಕ್ಕೆಸೆಯುವುದನ್ನೂ 2015ರಲ್ಲಿ ರೆಕ್ಕೆಯ ರಫ್ತನ್ನೂ ನಿಷೇಧಿಸಿದೆ.

ನಮ್ಮ ಶಹಾಬಾದ್ ಕಲ್ಲಿನಾಗ ಶಾರ್ಕ್ ಹಲ್ಲು ಸಿಗ್ತಾವೇನ್ರಿ? ಇದೂ ಒಂದ್ ಕಾಲಕ್ಕ ಸಮುದ್ರ ಇತ್ತಂತ.

ಸಮುದ್ರವಿತ್ತು, ಶಾರ್ಕ್ ಇರಲಿಲ್ಲ. ಶಹಾಬಾದ್, ಸೇಡಂ, ಚಿತ್ತಾಪುರ ಭಾಗದ ಸುಣ್ಣಕಲ್ಲು ಆಳವಿಲ್ಲದ ಸಮುದ್ರದಲ್ಲಿ 50 ಕೋಟಿ ವರ್ಷಗಳಿಗೂ ಹಿಂದೆ ಪದರುಪದರಾಗಿ ಕೂತದ್ದು. ದವಡೆಯಿರುವ ಮೀನುಗಳ ಅತಿ ಹಳೆಯ ಪಳೆಯುಳಿಕೆಗಳು ಸುಮಾರು 44 ಕೋಟಿ ವರ್ಷ ಹಿಂದಿನವು. ಅಂದರೆ ನಮ್ಮ ಮನೆಯಂಗಳದ ಪರ್ಸಿ ಹಾಸು ಕಚ್ಚುವ ಬಾಯಿ ಎಂಬುದೇ ಹುಟ್ಟದ ಕಾಲದ್ದು. ಭಾರತದಲ್ಲಿ ಶಾರ್ಕ್ ಹಲ್ಲುಗಳು ಸಿಗುವುದು ಗುಜರಾತಿನ ಕಛ್, ತಮಿಳುನಾಡಿನ ಅರಿಯಲೂರು, ಒಡಿಶಾದ ಬಾರಿಪದಾದಂಥ ಕಡೆಗಳ ಹೊಸ ಪದರಗಳಲ್ಲಿ. ಹಲ್ಲಿನ ದಂತಕವಚದಲ್ಲಿ ಉಳಿದ ಸತುವಿನ ಐಸೋಟೋಪು ಆಹಾರದ ಹಂತವನ್ನು ಹೇಳುತ್ತದೆ. ಸುಮಾರು 36 ಲಕ್ಷ ವರ್ಷ ಹಿಂದೆ ಅಳಿದ ದೈತ್ಯ ಮೆಗಲೊಡಾನ್ ಮತ್ತು ಅದೇ ಕಾಲದ ಬಿಳಿ ಶಾರ್ಕ್ ಒಂದೇ ಹಂತದ ಬೇಟೆಗೆ ಪೈಪೋಟಿ ನಡೆಸಿರಬಹುದು ಎಂಬ 2022ರ ತೀರ್ಮಾನ ಬಂದದ್ದು ಇದರಿಂದಲೇ.

ಕಲಬುರಗಿಯಲ್ಲಿ ಓದುತ್ತಿರುವ ನಾನು ಮುಂದೆ ಇದನ್ನೇ ಅಧ್ಯಯನ ಮಾಡಬೇಕೆಂದರೆ ದಾರಿ ಯಾವುದು?

ಎರಡು ದಾರಿಗಳಿವೆ. ಪಿಯುಸಿ ವಿಜ್ಞಾನದ ನಂತರ ಮೀನುಗಾರಿಕಾ ವಿಜ್ಞಾನದ ಪದವಿಗೆ ಸೇರಬಹುದು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ನಮ್ಮ ಬೀದರ್‌ನಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂಗ ಎಂಬುದು ಇಲ್ಲಿಯ ಅನೇಕ ವಿದ್ಯಾರ್ಥಿಗಳಿಗೆ ತಿಳಿದಿರುವುದಿಲ್ಲ. ಇಲ್ಲವೇ ಪ್ರಾಣಿಶಾಸ್ತ್ರದಲ್ಲಿ ಪದವಿ ಮತ್ತು ಸ್ನಾತಕೋತ್ತರ ಪದವಿ ಮುಗಿಸಿ ಸಂಶೋಧನೆಗೆ ಹೋಗಬಹುದು. 1947ರಲ್ಲಿ ಸ್ಥಾಪನೆಯಾದ, ಕೊಚ್ಚಿಯಲ್ಲಿ ಕೇಂದ್ರವಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ಕರಾವಳಿಯ ಬಂದರುಗಳಿಗೆ ಬರುವ ಶಾರ್ಕ್‌ಗಳ ಮಾಹಿತಿಯನ್ನು ದಶಕಗಳಿಂದ ಸಂಗ್ರಹಿಸುತ್ತಿದೆ. ಈ ಅಧ್ಯಯನದಲ್ಲಿ ಹಡಗಿನಲ್ಲಿ ಕಳೆಯುವ ದಿನಗಳಿಗಿಂತ ಬಂದರಿನಲ್ಲಿ ಬೆಳಗಿನ ಜಾವ ಮೀನಿನ ಹೊಟ್ಟೆ ಬಿಡಿಸಿ, ಸಿಕ್ಕ ಮುಳ್ಳು-ಚಿಪ್ಪುಗಳನ್ನು ತೂಗಿ ಬರೆಯುವ ದಿನಗಳೇ ಹೆಚ್ಚು. ಆದ್ದರಿಂದ ಈಗಲೇ ಸಂಖ್ಯಾಶಾಸ್ತ್ರವನ್ನು ಚೆನ್ನಾಗಿ ಕಲಿಯಿರಿ, ನಿಮ್ಮ ಪೇಟೆಗೆ ಬರುವ ಕೆರೆ-ನದಿಯ ಮೀನುಗಳ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿ, ದಿನಾಂಕದೊಡನೆ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.